ತಣ್ಣೀರೋ, ತಂಗಾಳಿಯೋ?

ಈ ವಾರದ ಅಂಚೆಯಲ್ಲಿ ರಾಯಚೂರು ಜಿಲ್ಲೆಯ ಗ್ರಾಮವೊಂದರಿಂದ ನಾಲ್ಕು ಪುಟಗಳ ಪತ್ರವೊಂದು ಬಂದಿದೆ. ಬರೆದವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ದುಂಡಾದ ಆ ಅಕ್ಷರಗಳನ್ನು ನೋಡಿದರೇ ಅದು ತಿಳಿಯುವಂತಿದೆ. ಅವರ ಮಗಳು ಆನಿಮೇಷನ್ ಕಲಿತು, ಬೆಂಗಳೂರಿನ ಸಂಸ್ಥೆಯೊಂದಕ್ಕೆ ಊರಿನ ಮನೆಯಿಂದಲೇ ಚಲಿಸುವ ಚಿತ್ರಗಳನ್ನು ಸಿದ್ಧಪಡಿಸಿ ಕಳುಹಿಸುತ್ತಾಳೆ. ಹಳೆಯ ಕಂಪ್ಯೂಟರು ಈ ದುಡಿಮೆಗೆ ಸಾಲದೆ ಹೊಸದೊಂದನ್ನು ಜೋಡಿಸಿಕೊಳ್ಳಬೇಕಾಗಿದೆ. ಅದಕ್ಕಾಗಿ ತಂದೆ ಸಹಕಾರ ಸಂಘದಲ್ಲಿ ಸಾಲ ಎತ್ತಿದ್ದಾರೆ. ಅಂಗಡಿಯವರು, "ನಿಮ್ಮ ಸೀಮೆಯ ಬಿಸಿಲಿಗೆ ಬರೀ ಫ್ಯಾನು ಏನೂ ಮಾಡಲಾರದು ಸರ್, ನೀರಿನ ಕೂಲರನ್ನೇ ಹಾಕಿಸಿಬಿಡಿ" ಎಂದು ಎಂಟು ಸಾವಿರ ರೂಪಾಯಿಗಳನ್ನು ಪಟ್ಟಿಗೆ ಸೇರಿಸಿದ್ದಾರೆ. "ಈ ಎಂಟು ಸಾವಿರವೆಂದರೆ ನನಗೆ ಎರಡು ತಿಂಗಳ ಕಂತು. ಹಾಕಿಸದೆ ಯಂತ್ರ ಸುಟ್ಟುಹೋದರೆ ಮಗಳ ಕೆಲಸಕ್ಕೆ ಸಂಚಕಾರ. ಹಾಕಿಸಿ ನೀರು ಸೋರಿದರೆ ಹಣವೂ ಹೋಯಿತು, ಕೆಲಸವೂ ಹೋಯಿತು. ಯಾವುದು ಸರಿ?" ಎಂಬುದು ಅವರ ಪ್ರಶ್ನೆ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಕೆಲವು ವಾಚಕರಿಗೆ ಅನ್ನಿಸೀತು. ಪ್ರಶ್ನೆ ಕೇಳಿದವರಿಗೆ ಹಾಗೆ ಅನ್ನಿಸಿಲ್ಲವೆಂಬುದೇ ನನಗೆ ಸಾಕು. ಮೇಲಾಗಿ, ನಮ್ಮ ಕಾಲೇಜಿನ ಹುಡುಗರು ತಮ್ಮ ಕಂಪ್ಯೂಟರುಗಳನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳುವಾಗ ಪಕ್ಕದಲ್ಲಿ ಕುಳಿತು ನೋಡುವುದೂ, ಸಂಶಯ ಬಂದಾಗ ಭೌತಶಾಸ್ತ್ರದ ಸಹೋದ್ಯೋಗಿಗಳನ್ನು ಕಾಡುವುದೂ ನನ್ನ ಬಹುಕಾಲದ ಹವ್ಯಾಸ. ಪತ್ರವನ್ನೋದಿದಾಗ ನನಗೆ ಮೊದಲು ಹೊಳೆದದ್ದು ಮಾತ್ರ ವ್ಯಾಕರಣವೇ. ತಣ್ಣನೆಯ ನೀರು ತಣ್ಣೀರು. ತಣ್ಣನೆಯ ಗಾಳಿ ತಂಗಾಳಿ. ಎರಡೂ ಕರ್ಮಧಾರಯ ಸಮಾಸಗಳು. ನಮ್ಮ ಭಾಷೆ ತಂಪಿನ ವಿಷಯದಲ್ಲಿ ನೀರಿಗೆ ಒಂದು, ಗಾಳಿಗೆ ಒಂದು ಎಂದು ಪಂಕ್ತಿಭೇದ ಮಾಡಿಲ್ಲ. ಅಂಗಡಿಯವರು ಮಾಡುತ್ತಿದ್ದಾರೆ. ಆ ಭೇದದಲ್ಲಿ ತಿರುಳೆಷ್ಟು, ಸಿಪ್ಪೆಯೆಷ್ಟು ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಕಂಪ್ಯೂಟರಿನ ಹೃದಯಸ್ಥಾನದಲ್ಲಿರುವುದು ಪ್ರೊಸೆಸರು. ಅದು ಲೆಕ್ಕ ಮಾಡುತ್ತದೆ, ಚಿತ್ರ ಬಿಡಿಸುತ್ತದೆ, ಮತ್ತೇನನ್ನಾದರೂ ಮಾಡುತ್ತದೆ. ಆದರೆ ಅದು ಕುಡಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬರಬೇಕು. ೧೯೪೬ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ತೋರಿಸಲಾದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದುವು. ಅದು ಸುಮಾರು ೧೫೦ ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಆದರೂ ಅದೊಂದು ದೊಡ್ಡ ಕೊಠಡಿಯನ್ನೇ ಆಕ್ರಮಿಸಿದ್ದುದರಿಂದ, ದೊಡ್ಡ ಬೀಸುಯಂತ್ರಗಳ ಗಾಳಿಯಿಂದಲೇ ಅದನ್ನು ತಣಿಸಲಾಗುತ್ತಿತ್ತು. ಈಗಿನ ತೊಂದರೆ ಶಾಖದ ಮೊತ್ತದ್ದಲ್ಲ, ಜಾಗದ್ದು. ೧೯೯೩ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರುಗಳು ೧೫ ವ್ಯಾಟ್‌ನ ಆಸುಪಾಸಿನಲ್ಲಿದ್ದುವು. ಒಂದು ಪುಟ್ಟ ಫ್ಯಾನು ಸಾಕಾಗಿತ್ತು. ೨೦೨೨ರಲ್ಲಿ ಬಂದ ಇಂಟೆಲ್ ಕೋರ್ ಐ೯-೧೩೯೦೦ಕೆ ಎಂಬ ಪ್ರೊಸೆಸರು ಪೂರ್ಣ ಬಿರುಸಿನಲ್ಲಿ ದುಡಿಯುವಾಗ ೨೫೩ ವ್ಯಾಟ್‌ವರೆಗೆ ಏರುತ್ತದೆ. ಅದರೊಳಗಿನ ಸಿಲಿಕಾನ್ ತುಣುಕಿನ ವಿಸ್ತೀರ್ಣ ಎರಡೂವರೆ ಚದರ ಸೆಂಟಿಮೀಟರಿಗಿಂತ ತುಸುವೇ ಹೆಚ್ಚು. ಒಂದು ಅಂಚೆಚೀಟಿಗಿಂತಲೂ ಚಿಕ್ಕದು. ಒಂದೊಂದು ಚದರ ಸೆಂಟಿಮೀಟರಿಗೆ ಸುಮಾರು ೧೦೦ ವ್ಯಾಟ್ ಆಯಿತು. ಮನೆಯ ಇಸ್ತ್ರಿಪೆಟ್ಟಿಗೆ ೧೦೦೦ ವ್ಯಾಟ್‌ನದಾದರೂ ಅದರ ತಳ ಅಂಗೈಯಗಲಕ್ಕಿಂತ ದೊಡ್ಡದು. ಪ್ರತಿ ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಅದು ಈ ಪ್ರೊಸೆಸರಿನ ಮುಂದೆ ಸಾಧುಪ್ರಾಣಿ.

ಆದಕಾರಣ ಕೂಲರಿನ ಕೆಲಸ ಎರಡೇ. ಆ ಅಂಚೆಚೀಟಿಯಷ್ಟು ಜಾಗದಲ್ಲಿ ಒತ್ತಿ ನಿಂತಿರುವ ಶಾಖವನ್ನು ಬೇಗ ಹೊತ್ತು ಹೊರಗೆ ತರಬೇಕು. ತಂದುದನ್ನು ವಿಶಾಲವಾದ ಲೋಹದ ಮೈಮೇಲೆ ಹರಡಿ ಗಾಳಿಗೆ ಒಪ್ಪಿಸಬೇಕು. ಲೋಟದ ಕಾಫಿ ಆರದಿದ್ದರೆ ಬಟ್ಟಲಿಗೆ ಸುರಿಯುವ ನಮ್ಮ ಅಜ್ಜಂದಿರು ಮಾಡುತ್ತಿದ್ದುದು ಈ ಎರಡನೆಯ ಕೆಲಸವನ್ನೇ.

ಇಲ್ಲಿ ನೀರಿನ ಪ್ರವೇಶ. "ನೀರು ಎಂದರೇ ತಂಪು" ಎಂಬ ಭಾವನೆ ನಮ್ಮ ಜನಕ್ಕೆ ರಕ್ತಗತವಾಗಿದೆ. ಅದಕ್ಕೆ ಕಾರಣವೂ ಉಂಟು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ಕೊಠಡಿಯ ಗಾಳಿಗಿಂತ ತಣ್ಣಗಿರುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ಹಿತವಾಗುತ್ತದೆ. ರಾಯಚೂರು, ಕಲಬುರಗಿಗಳ ಕಡೆ ಕಿಟಕಿಗೆ ಕಟ್ಟುವ ಹುಲ್ಲಿನ ಹಾಸಿನ ಏರ್‌ಕೂಲರು ಮಾಡುವುದೂ ಇದನ್ನೇ. ಆದರೆ ಇಲ್ಲೆಲ್ಲ ತಂಪನ್ನು ಕೊಡುತ್ತಿರುವುದು ನೀರು ಆವಿಯಾಗಿ ಹೊರಟುಹೋಗುವ ಕ್ರಿಯೆ. ಹೂಜಿಯ ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ತನ್ನೊಡನೆ ಶಾಖವನ್ನು ಕೊಂಡೊಯ್ಯುತ್ತದೆ. ಅದೇ ನೀರನ್ನು ಗಾಜಿನ ಸೀಸೆಯಲ್ಲಿ ತುಂಬಿ ಬಿರಡೆ ಹಾಕಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದು ಕೊಠಡಿಯಷ್ಟೇ ಬೆಚ್ಚಗಾಗಿರುತ್ತದೆ. ಕಂಪ್ಯೂಟರಿನ ನೀರಿನ ಕೂಲರು ಹೂಜಿಯ ಜಾತಿಯದಲ್ಲ, ಬಿರಡೆ ಹಾಕಿದ ಸೀಸೆಯ ಜಾತಿಯದು. ಅದರ ನೀರು ಮುಚ್ಚಿದ ನಳಿಕೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕೊಠಡಿಯ ಗಾಳಿ ೪೦ ಡಿಗ್ರಿಯಿದ್ದರೆ ಆ ನೀರು ೪೦ ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಧ್ಯವೇ ಇಲ್ಲ. (ಮಂಗಳೂರಿನ ಕಡೆಯ ವಾಚಕರು ಯಂತ್ರದೊಳಗೆ ಇಬ್ಬನಿ ಕಟ್ಟೀತೆಂದು ಹೆದರಬೇಕಾಗಿಲ್ಲವೆಂಬುದೂ ಇದರಿಂದಲೇ ಸಿದ್ಧವಾಯಿತು.)

"ನಿಮ್ಮ ಸೀಮೆಯ ಬಿಸಿಲಿಗೆ ಗಾಳಿ ಸಾಲದು" ಎಂಬ ಮಾತು ನಿಲ್ಲದಿರುವುದು ಇಲ್ಲಿಯೇ. ಬಿಸಿಲು ಏರಿದಷ್ಟು ಡಿಗ್ರಿಗಳನ್ನೂ ಗಾಳಿಯ ಕೂಲರು ಹೇಗೆ ತಲೆಯ ಮೇಲೆ ಹೊರುತ್ತದೆಯೋ ನೀರಿನ ಕೂಲರೂ ಹಾಗೆಯೇ ಹೊರುತ್ತದೆ. ೨೫ ಡಿಗ್ರಿಯ ಕೊಠಡಿಯಲ್ಲಿ ಪ್ರೊಸೆಸರು ೭೦ ಡಿಗ್ರಿ ತೋರಿಸುತ್ತಿದ್ದರೆ, ಅದೇ ಕೆಲಸಕ್ಕೆ ೪೦ ಡಿಗ್ರಿಯ ಕೊಠಡಿಯಲ್ಲಿ ಹೆಚ್ಚುಕಡಮೆ ೮೫ ಡಿಗ್ರಿ ತೋರಿಸುತ್ತದೆ. ತಣಿಸುವುದು ನೀರಾಗಿರಲಿ ಗಾಳಿಯಾಗಿರಲಿ, ಮೇಲೇರುವುದು ಆ ೧೫ ಡಿಗ್ರಿಯೇ.

ಇನ್ನು, ಗಾಳಿಯ ಕೂಲರೆಂದು ಕರೆಯುವ ವಸ್ತುವನ್ನು ನೋಡೋಣ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಒಂದು ಹಲ್ಲೆ. ಅದರಿಂದ ಮೇಲಕ್ಕೆದ್ದ ಬೆರಳುಗಾತ್ರದ ನಾಲ್ಕೋ ಆರೋ ತಾಮ್ರದ ಕೊಳವೆಗಳು. ಆ ಕೊಳವೆಗಳಿಗೆ ಪೋಣಿಸಿದ ಹತ್ತಾರು ತೆಳ್ಳನೆಯ ಅಲ್ಯುಮಿನಿಯಂ ಹಾಳೆಗಳು. ಪಕ್ಕದಲ್ಲಿ ಒಂದೆರಡು ಫ್ಯಾನುಗಳು. ನೋಡಿದರೆ ಬರೀ ಲೋಹ. ಆದರೆ ಆ ಕೊಳವೆಗಳು ಗಟ್ಟಿ ತಾಮ್ರದವಲ್ಲ. ಹೀಟ್ ಪೈಪ್ ಎಂದು ಕರೆಯುವ ಇವುಗಳ ಒಳಗೆ ಗಾಳಿಯನ್ನೆಲ್ಲ ಹೀರಿ ತೆಗೆದು, ಒಂದು ಚಮಚೆಗೂ ಕಡಿಮೆಯಾದ ನೀರನ್ನಿಟ್ಟು, ಎರಡು ತುದಿಗಳನ್ನೂ ಶಾಶ್ವತವಾಗಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಎತ್ತರದ ಬೆಟ್ಟದ ಮೇಲೆ ಅನ್ನ ಸರಿಯಾಗಿ ಬೇಯದಿರುವುದು ಇದರಿಂದಲೇ. ಒತ್ತಡವೇ ಇಲ್ಲದಂತಿರುವ ಈ ಕೊಳವೆಯೊಳಗೆ ಕೈಗೆ ಬೆಚ್ಚಗೆನಿಸುವಷ್ಟು ಶಾಖವೇ ನೀರನ್ನು ಆವಿ ಮಾಡಲು ಸಾಕು. ಪ್ರೊಸೆಸರಿನ ಕಡೆಯ ತುದಿಯಲ್ಲಿ ನೀರು ಆವಿಯಾಗುತ್ತದೆ. ಆವಿ ಮೇಲಿನ ತುದಿಗೆ ಓಡಿ, ಹಾಳೆಗಳಿಗೆ ಶಾಖವನ್ನು ಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಗೆ ಮೆತ್ತಿರುವ ತಾಮ್ರದ ಪುಡಿಯ ಪದರ, ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ, ಆ ನೀರನ್ನು ಹೀರಿ ಬಿಸಿತುದಿಗೆ ಮರಳಿ ತರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಆವಿಯಾಗಲು ಐದುನೂರಕ್ಕೂ ಹೆಚ್ಚು ಕ್ಯಾಲೊರಿ ಬೇಕು. ಪಂಪಿಲ್ಲದೆ, ಸದ್ದಿಲ್ಲದೆ, ಚಮಚೆಯಷ್ಟೂ ಇಲ್ಲದ ನೀರು ಇಷ್ಟೊಂದು ಶಾಖವನ್ನು ಹೊರುವ ಗುಟ್ಟು ಇದು.

ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ರಿಚರ್ಡ್ ಗಾಗ್ಲರ್ ಎಂಬಾತ ಇಂತಹ ಕೊಳವೆಗೆ ೧೯೪೪ರಲ್ಲೇ ಪೇಟೆಂಟು ಪಡೆದಿದ್ದ. ಆದರೆ ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ೧೯೬೩ರಲ್ಲಿ ಲಾಸ್ ಅಲಮಾಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಅದನ್ನು ಮತ್ತೆ ತಾನಾಗಿಯೇ ಕಂಡುಹಿಡಿದು ಮಾಡಿ ತೋರಿಸಿದ ಮೇಲೆ ಅದು ಬಾಹ್ಯಾಕಾಶ ನೌಕೆಗಳಿಗೆ ಏರಿತು. ಮುಂದೆ ನಮ್ಮ ಲ್ಯಾಪ್‌ಟಾಪುಗಳಿಗೂ ಇಳಿಯಿತು. ಗಾಳಿಯದೆಂದು ಮಾರುವ ಕೂಲರಿನ ಎದೆಯೊಳಗೆ ಹೀಗೆ ನೀರೇ ಕುಳಿತಿದೆ. ಹೂಜಿಯ ಗುಣವನ್ನು, ಅಂದರೆ ಆವಿಯಾಗಿ ಶಾಖವನ್ನೊಯ್ಯುವ ಗುಣವನ್ನು, ಪಡೆದಿರುವುದು ಇದೇ; ಪಂಪಿನದಲ್ಲ. ಅಂಗಡಿಗಳಲ್ಲಿ ಇದನ್ನು ಯಾರೂ ಏಕೆ ಹೇಳುವುದಿಲ್ಲವೋ ತಿಳಿಯದು.

ನೀರಿನ ಕೂಲರಿನ ಕಥೆ ಇದಕ್ಕೆ ಪ್ರತಿಯಾಗಿದೆ. ಪ್ರೊಸೆಸರಿನ ಮೇಲೆ ತಾಮ್ರದ ಹಲ್ಲೆ, ಅದರ ಬೆನ್ನಿಗೇ ಒಂದು ಪುಟ್ಟ ಪಂಪು. ಅಲ್ಲಿಂದ ಎರಡು ರಬ್ಬರು ನಳಿಕೆಗಳು ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲೋ ಮುಂಭಾಗದಲ್ಲೋ ಇರುವ ರೇಡಿಯೇಟರಿಗೆ ಹೋಗುತ್ತವೆ. ರೇಡಿಯೇಟರು ಎಂದರೆ ಮತ್ತದೇ ತೆಳ್ಳನೆಯ ಹಾಳೆಗಳು, ಮತ್ತದೇ ಫ್ಯಾನುಗಳು. ನೀರು ಶಾಖವನ್ನು ಅಲ್ಲಿಯವರೆಗೆ ಹೊತ್ತು ಗಾಳಿಯ ಕೈಗೆ ಒಪ್ಪಿಸಿ ಬರಿಗೈಯಲ್ಲಿ ಹಿಂದಿರುಗುತ್ತದೆ. ಹೊರುವುದರಲ್ಲಿ ನೀರು ಸಮರ್ಥವೆಂಬುದರಲ್ಲಿ ಸಂಶಯವಿಲ್ಲ: ಒಂದೇ ಗಾತ್ರದ ಗಾಳಿಗಿಂತ ನೀರು ಸುಮಾರು ೩೫೦೦ ಪಾಲು ಹೆಚ್ಚು ಶಾಖವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಕಡೆಯ ಬಾಗಿಲಲ್ಲಿ ನಿಂತು ಲೆಕ್ಕ ತೀರಿಸುವುದು ಗಾಳಿಯೇ. ಹಾಗಾದರೆ ನೀರಿನಿಂದ ಬರುವ ಲಾಭ ಯಾವುದು? ಹಾಳೆಗಳ ಹರಹನ್ನು ಪ್ರೊಸೆಸರಿನಿಂದ ದೂರಕ್ಕೆ, ವಿಶಾಲವಾದ ಜಾಗಕ್ಕೆ ಒಯ್ಯಬಹುದು. ಮೂರು ದೊಡ್ಡ ಫ್ಯಾನುಗಳನ್ನು ಸಾಲಾಗಿ ಕೂರಿಸುವ ೩೬೦ ಮಿಲಿಮೀಟರ್ ಉದ್ದದ ರೇಡಿಯೇಟರನ್ನು ಇಡಬಹುದು. ಬಿಸಿಗಾಳಿಯನ್ನು ನೇರವಾಗಿ ಪೆಟ್ಟಿಗೆಯ ಹೊರಕ್ಕೆ ತಳ್ಳಬಹುದು. ಲಾಭ ಇಷ್ಟೇ. ಇದು ಅಲ್ಪವೇನೂ ಅಲ್ಲ, ಆದರೆ ಮಾಯೆಯೂ ಅಲ್ಲ.

ಇನ್ನೊಂದು ಸೂಕ್ಷ್ಮವುಂಟು. ಅಷ್ಟು ನೀರು ಬಿಸಿಯಾಗಲು ಕೆಲವು ನಿಮಿಷಗಳು ಬೇಕು. ಆದುದರಿಂದ ಹತ್ತು ನಿಮಿಷದ ಪರೀಕ್ಷೆಯಲ್ಲಿ ನೀರಿನ ಕೂಲರು ತನ್ನ ನಿಜಶಕ್ತಿಗಿಂತ ಉತ್ತಮವಾಗಿ ಕಾಣುತ್ತದೆ. ಅಂಗಡಿಯಲ್ಲಿ ಹಾಕಿ ತೋರಿಸಿದರೆಂದು ಮರುಳಾಗಬಾರದು; ಅರ್ಧ ಗಂಟೆ ಕಳೆದ ಮೇಲೆ ತೋರುವ ಅಂಕಿಯೇ ಅಂಕಿ.

ಮೈಸೂರಿನ ಹಿರಿಯರಿಗೆ ಜಾವಾ ಮೋಟಾರುಬೈಕು ನೆನಪಿರಬೇಕು. ೧೯೬೧ರಿಂದ ೧೯೯೬ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಆ ಬೈಕುಗಳ ಇಂಜಿನ್ನಿಗೆ ಗಾಳಿಯೇ ತಂಪು; ಇಂಜಿನ್ನಿನ ಸುತ್ತ ಎದ್ದಿದ್ದ ಲೋಹದ ರೆಕ್ಕೆಗಳೇ ಅದರ ಅಂದ. ೨೦೧೮ರಲ್ಲಿ ಬೇರೊಂದು ಸಂಸ್ಥೆಯವರು ಅದೇ ಹೆಸರಿನಲ್ಲಿ ಹೊಸ ಬೈಕನ್ನು ತಂದಾಗ ಅದಕ್ಕೆ ರೇಡಿಯೇಟರು ಬಂತು, ನೀರಿನ ತಂಪು ಬಂತು. ಆದರೆ ಹಳೆಯ ರೂಪು ಕೆಡದಿರಲೆಂದು ರೆಕ್ಕೆಗಳನ್ನೂ ಉಳಿಸಿಕೊಂಡರು. ಅಲ್ಲಿ ನೀರನ್ನು ಬಚ್ಚಿಟ್ಟು ಗಾಳಿಯ ವೇಷ ಹಾಕಿದರು. ಕಂಪ್ಯೂಟರಿನಲ್ಲಿ ತದ್ವಿರುದ್ಧ: ನೀರನ್ನೇ ಗಾಜಿನ ಬಾಗಿಲ ಹಿಂದೆ ಮೆರೆಸಿ, ನಳಿಕೆಗಳಿಗೆ ಬಣ್ಣದ ದೀಪಗಳ ಜಾತ್ರೆ ಕಟ್ಟಿ, ಅದಕ್ಕೂ ಬೆಲೆ ಹಾಕುತ್ತಾರೆ. ದೀಪ ಬೇಕೆನ್ನುವವರಿಗೆ ನನ್ನ ಆಕ್ಷೇಪವಿಲ್ಲ. ಅದು ತಂಪಿನ ಲೆಕ್ಕಕ್ಕೆ ಸೇರದೆಂದು ತಿಳಿದಿದ್ದರೆ ಸಾಕು.

ನೀರು ದೊಡ್ಡ ಯಂತ್ರಗಳಲ್ಲಿ ಮೊದಲಿನಿಂದಲೂ ಇತ್ತು. ೧೯೮೦ರಲ್ಲಿ ಪ್ರಕಟವಾದ ಐಬಿಎಂ ೩೦೮೧ ಯಂತ್ರವನ್ನು ನೀರಿನಿಂದ ತಣಿಸುತ್ತಿದ್ದರು. ೧೯೮೫ರ ಕ್ರೇ-೨ ಎಂಬ ಮಹಾಗಣಕದ ಭಾಗಗಳನ್ನು ವಿದ್ಯುತ್ ಹರಿಯದ ಒಂದು ವಿಶೇಷ ದ್ರವದಲ್ಲಿಯೇ ಮುಳುಗಿಸಿಟ್ಟಿದ್ದರು. ಈಗ ಕೃತಕ ಬುದ್ಧಿಮತ್ತೆಗಾಗಿ ಎನ್ವಿಡಿಯಾದವರು ೨೦೨೪ರಲ್ಲಿ ಪ್ರಕಟಿಸಿದ ಯಂತ್ರಗಳಲ್ಲಿ ಒಂದೊಂದು ಬೀರುವಿಗೆ ಸುಮಾರು ೧೨೦ ಕಿಲೋವ್ಯಾಟ್ ಶಾಖ. ಇಡೀ ಎನಿಯಾಕಿನ ಬೇಗೆಯ ಬಹುಪಾಲನ್ನು ಒಂದು ಬೀರುವಿಗೆ ತುಂಬಿದಂತೆ. ಅಲ್ಲಿ ನೀರಲ್ಲದೆ ಗತಿಯಿಲ್ಲ. ಮನೆಗಳ ಮಟ್ಟಕ್ಕೆ ಬಂದರೆ, ಮೊದಲು ಕೆಲವು ಹವ್ಯಾಸಿಗಳು ಕಾರಿನ ಬಿಡಿಭಾಗಗಳನ್ನೂ ಮೀನಿನ ತೊಟ್ಟಿಯ ಪಂಪುಗಳನ್ನೂ ತಂದು ತಾವೇ ಹೊಂದಿಸಿಕೊಳ್ಳುತ್ತಿದ್ದರು. ೨೦೦೪ರಲ್ಲಿ ಆಪಲ್ ಸಂಸ್ಥೆ ತನ್ನ ಪವರ್ ಮ್ಯಾಕ್ ಜಿ೫ ಯಂತ್ರದ ಒಂದು ಮಾದರಿಯಲ್ಲಿ ದ್ರವದ ತಂಪನ್ನು ಅಳವಡಿಸಿತು; ವರ್ಷಗಳು ಕಳೆದಂತೆ ಅವುಗಳಲ್ಲಿ ಕೆಲವು ಸೋರಿದುವು. ತುಂಬಿ, ಮುಚ್ಚಿ, ಜೋಡಿಸಲು ಸಿದ್ಧವಾಗಿ ಬರುವ ಈಗಿನ ಕೂಲರು ಜನಪ್ರಿಯವಾದದ್ದು ೨೦೦೯ರಲ್ಲಿ, ಡೆನ್ಮಾರ್ಕಿನ ಅಸೆಟೆಕ್ ಸಂಸ್ಥೆ ಮಾಡಿ ಕೋರ್ಸೇರ್ ಸಂಸ್ಥೆ ಮಾರಿದ ಎಚ್೫೦ ಎಂಬುದರ ಮೂಲಕ.

ಸೋರುವ ಭಯದ ವಿಷಯದಲ್ಲಿ ಪತ್ರಲೇಖಕರು ಸ್ವಲ್ಪ ಸಮಾಧಾನ ತಂದುಕೊಳ್ಳಬಹುದು. ಒಳ್ಳೆಯ ಕೂಲರುಗಳು ಸೋರುವುದು ಅಪರೂಪ. ಸೋರಿದರೂ ಮದರ್‌ಬೋರ್ಡಿನ ಮೇಲೆ ಹರಿಯುವುದು ೧೨ ವೋಲ್ಟ್ ಮತ್ತು ಅದಕ್ಕೂ ಕಡಿಮೆ. ಬೋರ್ಡು ಕೆಟ್ಟೀತು, ದುಬಾರಿಯ ಗ್ರಾಫಿಕ್ಸ್ ಕಾರ್ಡೂ ಕೆಟ್ಟೀತು. ನಷ್ಟ ದೊಡ್ಡದೇ, ಆದರೆ ಸಂಭವ ಕಡಿಮೆ.

ನನಗೆ ಅದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಸದ್ದಿಲ್ಲದೆ ಸಾಯುವ ಪಂಪು. ಈ ಕೂಲರುಗಳ ನೀರು ಬರಿಯ ನೀರಲ್ಲ. ತಾಮ್ರ ಮತ್ತು ಅಲ್ಯುಮಿನಿಯಂ ಎರಡೂ ಒಂದೇ ನೀರನ್ನು ಮುಟ್ಟಿದರೆ ಸವೆತ ಹತ್ತುವುದರಿಂದ, ಅದನ್ನು ತಡೆಯುವ ಔಷಧಿಗಳನ್ನೂ ಗ್ಲೈಕಾಲನ್ನೂ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ನಳಿಕೆಯ ರಬ್ಬರಿನ ಮೂಲಕ ನೀರಿನ ಅಣುಗಳು ಒಂದಿಷ್ಟೊಂದಿಷ್ಟೇ ಹೊರಬೀಳುತ್ತವೆ. ಒಂದು ಹನಿಯೂ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಮಾತ್ರ ಗಾಳಿಯ ಗುಳ್ಳೆ ಬೆಳೆಯುತ್ತದೆ. ಆ ಗುಳ್ಳೆ ಪಂಪಿಗೆ ಸಿಕ್ಕಿದರೆ ಗೊರಗೊರ ಸದ್ದು, ಆಮೇಲೆ ಸವೆತ. ರೇಡಿಯೇಟರಿನ ಒಂದು ಭಾಗವಾದರೂ ಪಂಪಿಗಿಂತ ಎತ್ತರದಲ್ಲಿರಬೇಕೆಂದು ಬಲ್ಲವರು ಒತ್ತಿ ಹೇಳುವುದು, ಗುಳ್ಳೆ ಅಲ್ಲಿ ಹೋಗಿ ಕೂರಲೆಂದು. ಪಂಪು ನಿಂತರೆ ಆ ಕೂಲರಿನಲ್ಲಿ ಉಳಿಯುವುದು ನಿಂತ ನೀರು; ಪ್ರೊಸೆಸರು ಕೆಲವೇ ಕ್ಷಣಗಳಲ್ಲಿ ಕಾಯುತ್ತದೆ. ತಯಾರಕರು ಸಾಮಾನ್ಯವಾಗಿ ಮೂರರಿಂದ ಆರು ವರ್ಷಗಳವರೆಗೆ ಹೊಣೆ ಹೊರುತ್ತಾರೆ. ಆದರೆ ಹೊಣೆಯೆಂದರೆ, ಕೆಟ್ಟ ವಸ್ತುವನ್ನು ಕಟ್ಟಿ ಕಳುಹಿಸಿ ಹೊಸದು ಬರುವವರೆಗೆ ಕಾಯುವುದು. ಬೆಂಗಳೂರಿನಲ್ಲಿದ್ದವರು ಮರುದಿನ ಎಸ್.ಪಿ. ರಸ್ತೆಗೆ ಹೋಗಿ ಬೇರೊಂದನ್ನು ತಂದಾರು. ರಾಯಚೂರಿನ ಗ್ರಾಮದಲ್ಲಿ ಕೂತು ನಾಳೆ ಸಂಜೆಗೆ ಚಿತ್ರ ಒಪ್ಪಿಸಬೇಕಾದ ಹುಡುಗಿ ಏನು ಮಾಡಬೇಕು?

ಗಾಳಿಯ ಕೂಲರಿನಲ್ಲಿ ಓಡಾಡುವ ಭಾಗವೆಂದರೆ ಫ್ಯಾನು ಒಂದೇ. ಅದು ಕೆಟ್ಟರೆ ಸದ್ದು ಮಾಡಿ ಮೊದಲೇ ಹೇಳುತ್ತದೆ. ನಿಂತುಹೋದರೂ ಇನ್ನೊಂದು ಫ್ಯಾನು ಅರ್ಧ ಭಾರ ಹೊರುತ್ತದೆ. ಹೊಸದು ಕೆಲವು ನೂರು ರೂಪಾಯಿಗೆ ಜಿಲ್ಲಾಕೇಂದ್ರದಲ್ಲಿ ಸಿಗುತ್ತದೆ. ಜೋಡಿಸಲು ಎರಡು ತಂತಿಯ ಕೊಕ್ಕೆಗಳು. ತಾಮ್ರದ ಕೊಳವೆ, ಅಲ್ಯುಮಿನಿಯಂ ಹಾಳೆಗಳಿಗೆ ಮುಪ್ಪೆಂಬುದು ಹೆಚ್ಚುಕಡಮೆ ಇಲ್ಲ.

ಹಾಗೆಂದು ಗಾಳಿಯ ಪಕ್ಷಪಾತಿಯೆನ್ನಿಸಿಕೊಳ್ಳಲು ನನಗಿಷ್ಟವಿಲ್ಲ. ೨೫೦ ವ್ಯಾಟ್‌ನ ಪ್ರೊಸೆಸರನ್ನು ದಿನವಿಡೀ ಪೂರ್ಣ ಬಿರುಸಿನಲ್ಲಿ ದುಡಿಸುವವರು ದೊಡ್ಡ ರೇಡಿಯೇಟರನ್ನೇ ಕೊಳ್ಳುವುದು ಮೇಲು. ಅಲ್ಲಿ ಗಾಳಿಯ ಕೂಲರು ಏದುಸಿರು ಬಿಡುತ್ತದೆ. ಗಾತ್ರದ ಪ್ರಶ್ನೆಯೂ ಇದೆ. ಆಸ್ಟ್ರಿಯಾದ ನಾಕ್ಟುವಾ ಸಂಸ್ಥೆಯ ಎನ್‌ಎಚ್-ಡಿ೧೫ ಎಂಬ ಹೆಸರಾಂತ ಗಾಳಿಯ ಕೂಲರಿನ ಎತ್ತರ ೧೬೫ ಮಿಲಿಮೀಟರ್. ಫ್ಯಾನುಗಳೂ ಸೇರಿ ತೂಕ ೧೩೨೦ ಗ್ರಾಂ. ಇಷ್ಟು ಭಾರವನ್ನು ನಿಂತ ಮದರ್‌ಬೋರ್ಡಿಗೆ ತೂಗುಹಾಕಿ ಬಸ್ಸಿನ ಹಿಂದಿನ ಸೀಟಿನಲ್ಲಿಟ್ಟು ಊರಿಗೆ ಸಾಗಿಸುವುದು ವಿವೇಕವಲ್ಲ. ಯಂತ್ರವನ್ನು ಆಗಾಗ ಊರಿಂದೂರಿಗೆ ಒಯ್ಯುವವರಿಗೆ, ಎತ್ತರದ ಕೂಲರು ಹಿಡಿಸದ ಸಣ್ಣ ಪೆಟ್ಟಿಗೆಯನ್ನು ಕೊಂಡವರಿಗೆ ನೀರು ಒಗ್ಗುತ್ತದೆ. ಸದ್ದಿನ ವಿಷಯದಲ್ಲಿ ಗೆದ್ದವರಿಲ್ಲ. ಮಂದಗತಿಯಲ್ಲಿ ತಿರುಗುವ ದೊಡ್ಡ ಫ್ಯಾನು ಎಲ್ಲಿದೆಯೋ ಅಲ್ಲಿ ಮೌನವಿದೆ, ಆದರೆ ನೀರಿನದಕ್ಕೆ ಪಂಪಿನ ಸಣ್ಣ ಗುಯ್‌ಗುಡುವಿಕೆ ಯಾವಾಗಲೂ ಸೇರಿರುತ್ತದೆ.

ಈಗ ಮೇಷ್ಟ್ರಿಗೆ ನೇರವಾಗಿಯೇ ಹೇಳುತ್ತೇನೆ. ಮಹನೀಯರೇ, ಕೂಲರನ್ನು ಆರಿಸುವುದಕ್ಕೆ ಮೊದಲು ಶಾಖವನ್ನು ಆರಿಸಿ. ಅಂಗಡಿಯವರ ಪಟ್ಟಿಯಲ್ಲಿ ಯಾವ ಪ್ರೊಸೆಸರು ಇದೆಯೆಂದು ತಾವು ಬರೆದಿಲ್ಲ. ಎಲ್ಲವೂ ನಿಂತಿರುವುದು ಅದರ ಮೇಲೆ. ಒಂದು ಉದಾಹರಣೆ ಕೊಡುತ್ತೇನೆ. ಎಎಂಡಿ ಸಂಸ್ಥೆಯ ರೈಜೆನ್ ೯ ೭೯೦೦ಎಕ್ಸ್ ಎಂಬುದು ಹನ್ನೆರಡು ಕೋರುಗಳ ಪ್ರೊಸೆಸರು. ಅದು ೨೩೦ ವ್ಯಾಟ್‌ವರೆಗೆ ಏರುತ್ತದೆ. ೨೦೨೩ರ ಜನವರಿಯಲ್ಲಿ ಬಂದ ರೈಜೆನ್ ೯ ೭೯೦೦ ಎಂಬುದಕ್ಕೂ ಅವೇ ಹನ್ನೆರಡು ಕೋರುಗಳು. ಅದಕ್ಕೆ ಹಾಕಿದ ಮಿತಿ ೮೮ ವ್ಯಾಟ್. ಶಾಖ ಅರ್ಧಕ್ಕಿಂತಲೂ ಎಷ್ಟೋ ಕಡಿಮೆಯಾಯಿತು. ಕೆಲಸದ ವೇಗ ಮಾತ್ರ ಅದಕ್ಕೆ ತಕ್ಕಂತೆ ಕುಗ್ಗುವುದಿಲ್ಲ, ತುಸುವೇ ಹಿಂದೆ ಬೀಳುತ್ತದೆ. ಕೊನೆಯ ಚೂರು ವೇಗಕ್ಕಾಗಿ ಪ್ರೊಸೆಸರುಗಳು ವಿಪರೀತ ವಿದ್ಯುತ್ತನ್ನು ಕುಡಿಯುವುದೇ ಇದಕ್ಕೆ ಕಾರಣ. ಈ ಎರಡನೆಯ ಬಗೆಯ ಪ್ರೊಸೆಸರಿಗೆ ತಯಾರಕರೇ ಪೆಟ್ಟಿಗೆಯಲ್ಲಿ ಒಂದು ಗಾಳಿಯ ಕೂಲರನ್ನು ಇಟ್ಟುಕೊಡುತ್ತಾರೆ. ಬಿಸಿಲ ಸೀಮೆಯಾದ್ದರಿಂದ ಅದರ ಬದಲು ಆರು ಕೊಳವೆ, ಎರಡು ಫ್ಯಾನುಗಳ ಮಧ್ಯಮ ಗಾತ್ರದ ಕೂಲರನ್ನು ಹಾಕಿಸಿ; ತಮಗೆ ಹೇಳಿರುವ ಎಂಟು ಸಾವಿರದಲ್ಲಿ ಅದು ಬಂದು ಹಣವೂ ಮಿಗುತ್ತದೆ. ಬಿರುಸಿನ ಪ್ರೊಸೆಸರನ್ನು ಈಗಾಗಲೇ ಕೊಂಡಿದ್ದರೂ ಚಿಂತೆಯಿಲ್ಲ. ಎಎಂಡಿಯವುಗಳಲ್ಲಿ ಈಕೋ ಮೋಡ್ ಎಂಬ ಏರ್ಪಾಡಿದೆ, ಇಂಟೆಲ್‌ನವುಗಳಲ್ಲಿ ವ್ಯಾಟ್‌ನ ಮಿತಿಯನ್ನು ಬಯಾಸಿನಲ್ಲಿ ಇಳಿಸಬಹುದು. ಖರ್ಚಿಲ್ಲದ ತಂಪು ಅದು.

ಆನಿಮೇಷನ್ನಿನ ಭಾರದ ಕೆಲಸದಲ್ಲಿ ಬಹುಪಾಲನ್ನು ಗ್ರಾಫಿಕ್ಸ್ ಕಾರ್ಡೇ ಮಾಡುವುದುಂಟು. ಮಗಳನ್ನು ಕೇಳಿದರೆ ತಿಳಿಯುತ್ತದೆ. ಹಾಗಿದ್ದರಂತೂ ಪ್ರೊಸೆಸರಿನ ಮೇಲೆ ಗಂಗೆಯನ್ನೇ ಹರಿಸಿದರೂ ಪ್ರಯೋಜನವಿಲ್ಲ. ಕಾರ್ಡಿಗೆ ಅದರದೇ ಫ್ಯಾನುಗಳಿವೆ. ಅವು ಬಿಸಿಗಾಳಿಯನ್ನು ಪೆಟ್ಟಿಗೆಯೊಳಗೇ ಬಿಡುತ್ತವೆ. ಆರ್‌ಟಿಎಕ್ಸ್ ೪೦೬೦ ಎಂಬ ಸಾಧಾರಣ ಕಾರ್ಡು ೧೧೫ ವ್ಯಾಟ್‌ನದು. ೨೦೨೫ರಲ್ಲಿ ಬಂದ ೫೦೯೦ ಎಂಬುದು ೫೭೫ ವ್ಯಾಟ್‌ನದು. ಆ ಗಾಳಿ ಹೊರಹೋಗಲು ದಾರಿ ಬೇಕು. ಗಾಜಿನ ಮುಖದ ಪೆಟ್ಟಿಗೆಯನ್ನು ಬಿಟ್ಟು ಜಾಲರಿ ಮುಖದ್ದನ್ನು ಕೊಳ್ಳಿ. ಮುಂದೆ ಎರಡು ಫ್ಯಾನು ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಪೆಟ್ಟಿಗೆಯನ್ನು ಮೇಜಿನ ಕೆಳಗಿನ ಗೂಡಿನಲ್ಲಿ, ಗೋಡೆಗೆ ಒತ್ತಿ ಇಡಬೇಡಿ. ಉಳಿದ ಹಣಕ್ಕೆ ಒಂದು ಒಳ್ಳೆಯ ಯುಪಿಎಸ್ ಬರುತ್ತದೆಯೇ ನೋಡಿ. ತಮ್ಮೂರಿನಲ್ಲಿ ಮಗಳ ದುಡಿಮೆಗೆ ಶಾಖಕ್ಕಿಂತ ದೊಡ್ಡ ಶತ್ರು ಹೇಳದೆ ಹೋಗುವ ಕರೆಂಟು ಎಂದು ನನ್ನ ಎಣಿಕೆ.

ಸುಟ್ಟುಹೋಗುವ ಭಯವನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಿ. ಈಗಿನ ಪ್ರೊಸೆಸರುಗಳು ತಮ್ಮ ಮಿತಿಯನ್ನು ತಾವೇ ಬಲ್ಲುವು. ಮೇಲೆ ಹೇಳಿದ ಎಎಂಡಿ ಪೀಳಿಗೆಗೆ ಆ ಮಿತಿ ೯೫ ಡಿಗ್ರಿ, ಇಂಟೆಲ್‌ನದಕ್ಕೆ ೧೦೦. ಅಲ್ಲಿಗೆ ಮುಟ್ಟಿದೊಡನೆ ತಾವಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಆರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಕೆಲಸ ನಿಧಾನವಾದರೆ ಆಶ್ಚರ್ಯವಿಲ್ಲ. ಗಂಟೆಗಟ್ಟಲೆ ಹಿಡಿಯುವ ಕೆಲಸವನ್ನು ರಾತ್ರಿ ಊಟವಾದ ಮೇಲೆ ಹಚ್ಚಿಟ್ಟು ಮಲಗಿದರೆ, ಇಳಿದ ಹತ್ತು ಡಿಗ್ರಿ ಪುಕ್ಕಟೆಯಾಗಿ ಸಿಗುತ್ತದೆ.

ಇನ್ನು ಉಳಿದದ್ದು ಧೂಳು. ಹತ್ತಿ ಬೆಳೆಯುವ ಸೀಮೆಯ ಧೂಳು ಅರಳೆಯ ಎಳೆಗಳೊಡನೆ ಸೇರಿ ಹಾಳೆಗಳ ಸಂದಿಯಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ನೀರಿನ ರೇಡಿಯೇಟರಿನ ಸಂದಿಗಳು ಇನ್ನೂ ಇಕ್ಕಟ್ಟಾದ್ದರಿಂದ ಅದಕ್ಕೆ ಈ ಕಾಟ ಹೆಚ್ಚೇ ಹೊರತು ಕಡಿಮೆಯಲ್ಲ. ಮೂರು ತಿಂಗಳಿಗೊಮ್ಮೆ ಮೆತ್ತನೆಯ ಕುಂಚದಿಂದ ಬಿಡಿಸಿ, ಊದಿ ತೆಗೆಯಬೇಕು. ಊದುವಾಗ ಫ್ಯಾನಿನ ರೆಕ್ಕೆ ಸುತ್ತದಂತೆ ಬೆರಳಿಟ್ಟು ಹಿಡಿದಿರಬೇಕು.

ಜೋಡಿಸುವ ದಿನ ತಾವೂ ಪಕ್ಕದಲ್ಲಿ ನಿಂತಿರಿ. ಪೆಟ್ಟಿಗೆಯೊಳಗೆ ಎಷ್ಟು ಎತ್ತರದ ಕೂಲರು ಹಿಡಿಯುತ್ತದೆಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಕೊಳ್ಳುವ ಮೊದಲೇ ಓದಿಸಿಕೊಳ್ಳಿ. ಕೂಲರಿನ ತಾಮ್ರದ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಪರೆ ಅಂಟಿಸಿರುತ್ತಾರೆ. ಅದನ್ನು ಸುಲಿಯದೆಯೇ ಪ್ರೊಸೆಸರಿನ ಮೇಲೆ ಕೂರಿಸಿ, ಶಾಖ ಏರಿತೆಂದು ಕೂಲರನ್ನೇ ಬೈದು ಹಿಂದಿರುಗಿಸಿದವರನ್ನು ನಾನು ಬಲ್ಲೆ. ಥರ್ಮಲ್ ಪೇಸ್ಟು ಬಟಾಣಿಕಾಳಿನಷ್ಟು ಸಾಕು. ತಿರುಪುಗಳನ್ನು ಒಂದಾದ ಮೇಲೊಂದರಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಮನೆಗೆ ತಂದ ಮೇಲೆ ಒಂದು ಮಧ್ಯಾಹ್ನ, ಮಗಳು ತನ್ನ ಅತಿ ಭಾರದ ಕೆಲಸವನ್ನು ಅರ್ಧ ಗಂಟೆ ಓಡಿಸಲಿ. ಆಗ ಕೊಠಡಿಯ ಶಾಖವೆಷ್ಟು, ಪ್ರೊಸೆಸರಿನದೆಷ್ಟು ಎಂಬುದನ್ನು ದಿನಾಂಕ ಸಹಿತ ತಮ್ಮ ಆ ದುಂಡಾದ ಅಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆದು, ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಡಿ. ಬರುವ ವರ್ಷ ಅದೇ ಕೆಲಸಕ್ಕೆ ಇವೆರಡರ ನಡುವಿನ ಅಂತರ ಹತ್ತು ಡಿಗ್ರಿ ಹೆಚ್ಚಿದ್ದರೆ ಮೊದಲು ಧೂಳು ತೆಗೆಯಿರಿ. ಆಗಲೂ ಇಳಿಯದಿದ್ದರೆ ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿಸಿ.